ಚೌರಪ್ಪ ಎಂಬ ಹೆಸರು ಎಲ್ಲಿ ಹೋಯಿತು?

ಕಳೆದ ವಾರ ಚಾಮರಾಜಪೇಟೆಯ ಒಂದು ಕುಟುಂಬ ಮಗುವಿನ ಜ್ಞಾನಸ್ನಾನಕ್ಕೆ ದಿನ ಗೊತ್ತುಮಾಡಿಕೊಳ್ಳಲು ನಮ್ಮ ಧರ್ಮಕೇಂದ್ರದ ಕಚೇರಿಗೆ ಬಂದಿತ್ತು. ತಂದೆ, ತಾಯಿ, ತಂದೆಯ ತಂದೆ, ಮತ್ತು ಯಾವುದರ ಪರಿವೆಯೂ ಇಲ್ಲದೆ ತಾಯಿಯ ತೊಡೆಯ ಮೇಲೆ ನಿದ್ರಿಸುತ್ತಿದ್ದ ಎರಡು ತಿಂಗಳ ಗಂಡುಮಗು. ಅರ್ಜಿಯನ್ನು ಮುಂದಿಟ್ಟುಕೊಂಡು ಮಗುವಿಗೆ ಏನು ಹೆಸರು ಎಂದು ಕೇಳಿದೆ. "ಝೇವಿಯರ್" ಎಂದರು ತಂದೆ. ಅದೇ ಕ್ಷಣದಲ್ಲಿ "ಚೌರಪ್ಪ" ಎಂದರು ಅಜ್ಜ. ತಾಯಿ ನಕ್ಕುಬಿಟ್ಟರು. ಅಜ್ಜ ನಗಲಿಲ್ಲ.

"ನಮ್ಮಪ್ಪನ ಹೆಸರು ಸ್ವಾಮಿ. ಮೊಮ್ಮಗನಿಗೆ ಇಡಬೇಕೂಂತ ಆಸೆ" ಎಂದರು.

"ಎರಡೂ ಒಂದೇ ಅಲ್ವಾ ಫಾದರ್? ಸಂತರು ಅವರೇ ತಾನೆ?" ಎಂದು ಮಗ ನನ್ನ ಕಡೆ ನೋಡಿದರು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂತರು ಅವರೇ. ಆದ್ರೆ ನಮ್ಮಪ್ಪ ಝೇವಿಯರ್ ಅಲ್ಲ" ಎಂದರು.

ಈ ಒಂದು ಮಾತು ವಾರವಿಡೀ ನನ್ನನ್ನು ಬಿಡದೆ ಕಾಡಿದೆ. ಹೆಸರು ಎಂದರೇನು ಎಂಬ ಪ್ರಶ್ನೆಯನ್ನು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ತಿಂಗಳುಗಟ್ಟಲೆ ಚರ್ಚಿಸಿದವನು ನಾನು. ಆದರೂ ಆ ಹಿರಿಯರ ಮುಂದೆ ತಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ.

ಚೌರಪ್ಪ ಎಂದರೆ ಯಾರೆಂದು ತಿಳಿಯದ ಕಿರಿಯರು ಇಂದು ನಮ್ಮ ಕಥೋಲಿಕ ಮನೆಗಳಲ್ಲಿಯೇ ಇದ್ದಾರೆ. ಆದುದರಿಂದ ಮೊದಲು ಹೆಸರಿನ ಜಾತಕವನ್ನು ನೋಡೋಣ. 1506ರ ಏಪ್ರಿಲ್ 7ರಂದು, ಇಂದಿನ ಸ್ಪೇನ್ ದೇಶದ ಉತ್ತರದಲ್ಲಿರುವ ನವಾರ್ರೆಯಲ್ಲಿ ಫ್ರಾನ್ಸಿಸ್ಕೊ ಎಂಬ ಬಾಲಕ ಜನಿಸಿದನು. ತಂದೆಯ ಮನೆತನದ ಹೆಸರು ಬೇರೆ. ಝೇವಿಯರ್ ಎಂಬುದು ತಾಯಿಯ ಕಡೆಯಿಂದ ಬಂದ ಕೋಟೆಮನೆಯ ಹೆಸರು. ಆ ಸೀಮೆಯ ಬಾಸ್ಕ್ ಭಾಷೆಯಲ್ಲಿ 'ಎಚೆ' ಎಂದರೆ ಮನೆ, 'ಬೆರ್ರಿ' ಎಂದರೆ ಹೊಸತು. ಎಚೆಬೆರ್ರಿ ಎಂದರೆ ಹೊಸಮನೆ. ಧಾರವಾಡದ ಕಡೆಯ ಹೊಸಮನಿ ಮನೆತನದವರು ಯಾರಾದರೂ ಭೇಟಿಯಾದರೆ, ಸಂತ ಫ್ರಾನ್ಸಿಸರು ನಿಮಗೆ ದೂರದ ನೆಂಟರಾಗಬೇಕು ಎಂದು ನಾನು ತಮಾಷೆ ಮಾಡುವುದುಂಟು. ಆ ಹೊಸಮನೆಯ ಬುರುಜುಗಳನ್ನು 1516ರಲ್ಲಿ ಆಳುವವರು ಕೆಡವಿಸಿದರು. ಆಗ ಬಾಲಕನಿಗೆ ಹತ್ತು ವರ್ಷ. ಮುಂದೆ ಆತ ಮನೆ ಬಿಟ್ಟು ಹೊರಟು, 1542ರ ಮೇ 6ರಂದು ಗೋವೆಯಲ್ಲಿ ಕಾಲಿಟ್ಟು, 1552ರ ಡಿಸೆಂಬರ್ 3ರಂದು ಚೀನಾದ ತೀರದ ಒಂದು ದ್ವೀಪದಲ್ಲಿ ಪ್ರಾಣಬಿಟ್ಟದ್ದು ಎಲ್ಲರೂ ಬಲ್ಲ ಕಥೆ. 1622ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಪೋರ್ಚುಗೀಸರ ನಾಲಗೆಯಲ್ಲಿ ಈ ಹೆಸರಿನ ಮೊದಲ ಧ್ವನಿ 'ಶ'. ತಮಿಳು ಲಿಪಿಯಲ್ಲಿ ಚಕಾರ ಸಕಾರಗಳೆರಡಕ್ಕೂ ಒಂದೇ ಅಕ್ಷರ. ಹೀಗೆ ಮುತ್ತಿನ ಕರಾವಳಿಯಲ್ಲಿ ಅವರು ಸವೇರಿಯಾರ್ ಆದರು. ಸವರಿಯು ಚವರಿಯಾಗಿ, ಚವರಿಯು ಚೌರಿಯಾಗಿ, ಕೊನೆಗೆ ನಮ್ಮ 'ಅಪ್ಪ' ಬಂದು ಸೇರಿ ಚೌರಪ್ಪನಾಯಿತು. ಹೆಣ್ಣುಮಗುವಾದರೆ ಚೌರಮ್ಮ. ಇಗ್ನೇಷಿಯಸರು ಇನ್ನಾಸಪ್ಪನಾದದ್ದು, ಅಂತೋಣಿಯವರು ಅಂತಪ್ಪನಾದದ್ದು ಇದೇ ಬಗೆಯಲ್ಲಿ, ಕಿವಿಯ ದಾರಿಯಿಂದ. ಅರ್ಥದ ದಾರಿಯಿಂದ ಬಂದ ಹೆಸರುಗಳು ಬೇರೆ ಇವೆ. ಯೊವಾನ್ನ ಎಂಬ ಹೀಬ್ರೂ ಹೆಸರಿನಲ್ಲಿ ದೇವರ ಕೃಪೆ ಎಂಬ ಅರ್ಥವಿರುವುದರಿಂದ ಆತ ಅರುಳಪ್ಪ. ಪೌಲ ಎಂಬುದಕ್ಕೆ ಲತೀನಿನಲ್ಲಿ ಚಿಕ್ಕವನೆಂದು ಅರ್ಥವಾದ್ದರಿಂದ ಆತ ಚಿನ್ನಪ್ಪ. ತಮಿಳಿನಲ್ಲಿ ಚಿಕ್ಕದೆಂದಿದ್ದ 'ಚಿನ್ನ' ಕನ್ನಡದ ಕಿವಿಗೆ ಬಂಗಾರವಾಯಿತು. ಆ ಲೆಕ್ಕದಲ್ಲಿ ಪ್ರೇಷಿತ ಪೌಲರ ಹೆಸರೂ ನಮ್ಮ ಕುವೆಂಪು ಅವರ ಪುಟ್ಟಪ್ಪ ಎಂಬ ಹೆಸರೂ ಅರ್ಥದಲ್ಲಿ ಒಂದೇ.

ಇದು ತಮಿಳು ಹೆಸರಲ್ಲವೆ, ಕನ್ನಡ ಕಥೋಲಿಕರಿಗೆ ಏಕೆ ಬೇಕು ಎಂದು ಆಕ್ಷೇಪಿಸುವವರಿದ್ದಾರೆ. ತಮಿಳಿನ ಮೂಲಕ ಬಂದಿತು, ನಿಜ. 17ನೇ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲಿ ಬರೆದ ಕಾಲದಿಂದ, ನಮ್ಮ ಹಿರಿಯರು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಹಾಸನದ ಬಳಿಯ ಸಾತಳ್ಳಿಯಲ್ಲಿ ಒಕ್ಕಲು ಮಕ್ಕಳನ್ನು ನೆಲೆಗೊಳಿಸಿದ ಕಾಲದವರೆಗೆ, ಮೈಸೂರು ಸೀಮೆಯ ಕ್ರೈಸ್ತರಿಗೆ ತಮಿಳು ಸೀಮೆಯ ಕ್ರೈಸ್ತರು ನೆರೆಯವರೇ. ನೆರೆಮನೆಯಿಂದ ತಂದ ಹೆಪ್ಪಿನಿಂದ ನಮ್ಮ ಮನೆಯ ಹಾಲು ಮೊಸರಾದರೆ ಆ ಮೊಸರು ಯಾರದು? ಹಾರೋಬೆಲೆ, ಮರಿಯಾಪುರದಂತಹ ಕನಕಪುರ ಸೀಮೆಯ ಹಳ್ಳಿಗಳಲ್ಲಿ ಉಳುವಾಗ, ಕೊಯ್ಯುವಾಗ, ಜಗಳವಾಡುವಾಗ ಕೂಗಿದ ಹೆಸರು ಕನ್ನಡದ್ದಲ್ಲದೆ ಇನ್ನಾವುದು?

ಈಗ ಆ ಹೆಸರು ಎಲ್ಲಿದೆ? ಗುರುದೀಕ್ಷೆ ಪಡೆದಂದಿನಿಂದ ಇಂದಿನವರೆಗೆ ನಾನು ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರೆಂದು ಚೌರಪ್ಪ ಎಂದು ಒಮ್ಮೆಯೂ ಬರೆದಿಲ್ಲ. ಮರಣದ ಪುಸ್ತಕದಲ್ಲಿ ಹಲವು ಬಾರಿ ಬರೆದಿದ್ದೇನೆ. ಬದುಕಿರುವವರ ನಡುವೆ ಅದು ಉಳಿದಿರುವುದು ಬಹುಮಟ್ಟಿಗೆ ಇನಿಷಿಯಲ್ ಆಗಿ, ಹೆಸರಿನ ಮುಂದಿನ ಒಂದು 'ಸಿ' ಮತ್ತು ಒಂದು ಚುಕ್ಕೆಯಾಗಿ. ಆ 'ಸಿ' ಎಂದರೇನೆಂದು ಕೇಳಿದರೆ ಕೆಲವರು ಧ್ವನಿ ತಗ್ಗಿಸಿ ಹೇಳುವುದನ್ನು ಗಮನಿಸಿದ್ದೇನೆ.

ನಮ್ಮಲ್ಲಿ ಮಾತ್ರ ಹೀಗಾಗಿದೆ ಎಂದಲ್ಲ. ಬಸವನಗುಡಿಯ ಡಿ.ವಿ.ಜಿ. ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ಬಡಾವಣೆಯಲ್ಲಿ ಈಚೆಗೆ ಯಾವ ತಾಯಿ ತನ್ನ ಕೂಸಿಗೆ ಗುಂಡಪ್ಪನೆಂದು ಹೆಸರಿಟ್ಟಿದ್ದಾರೆ? ಮಲ್ಲೇಶ್ವರದ ಅಯ್ಯಂದಿರೂ ಚಾಮರಾಜಪೇಟೆಯ ಅಪ್ಪಂದಿರೂ ಒಟ್ಟಿಗೆ ಮರೆಯಾಗುತ್ತಿದ್ದಾರೆ. ಹೆಸರುಗಳಿಗೂ ಪ್ರಾಯವುಂಟು, ಅವು ಹಳತಾಗುತ್ತವೆ ಎಂದು ಇದನ್ನು ಇಲ್ಲಿಗೇ ಬಿಡಬಹುದಾಗಿತ್ತು.

ಆದರೆ ನಮ್ಮ ಚೌರಪ್ಪನ ಕಥೆಯಲ್ಲಿ ಒಂದು ತಿರುವಿದೆ. ಗುಂಡಪ್ಪ ಎಂಬ ಹೆಸರು ಹಳತಾದಾಗ ಅದರ ಬದಲಿಗೆ ಬೇರೆಯ ಹೆಸರು ಬಂದಿತು. ಇಲ್ಲಿ ಹಳತಾದದ್ದು ಯಾವುದೋ ಹೊಸತಾದದ್ದೂ ಅದೇ. ಝೇವಿಯರ್ ಎಂಬುದು ಇಂದು ಬಹು ಬೇಡಿಕೆಯ ಹೆಸರು. ಅಮೆರಿಕದಲ್ಲಿ ಗಂಡುಮಕ್ಕಳಿಗೆ ಇಡುವ ಮೊದಲ ನೂರು ಹೆಸರುಗಳಲ್ಲಿ ಅದು ಕೆಲವು ವರ್ಷಗಳಿಂದ ಸ್ಥಾನ ಪಡೆದಿದೆ. 1963ರಲ್ಲಿ ಆರಂಭವಾದ ಒಂದು ಚಿತ್ರಕಥಾ ಮಾಲೆಯ ಪ್ರೊಫೆಸರ್ ಝೇವಿಯರ್ ಎಂಬ ಪಾತ್ರವನ್ನು, ಸಂತರನ್ನು ಅರಿಯದ ಮಕ್ಕಳೂ ಬಲ್ಲರು. ಬೆಂಗಳೂರು ಮಹಾಧರ್ಮಕ್ಷೇತ್ರದ ಪ್ರಧಾನಾಲಯವೇ ಈ ಸಂತರ ಹೆಸರಿನಲ್ಲಿದೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಗೋವೆಯಲ್ಲಿ ಅವರ ಪವಿತ್ರ ಶರೀರದ ಬಹಿರಂಗ ದರ್ಶನ ನಡೆದಾಗ ನಮ್ಮ ಧರ್ಮಕೇಂದ್ರದಿಂದಲೂ ಕುಟುಂಬಗಳು ಹೋಗಿದ್ದವು. ಮೇಲೆ ಹೇಳಿದ ಕುಟುಂಬವೂ ಹೋಗಿ ಸಾಲಿನಲ್ಲಿ ನಿಂತು ಬಂದಿತ್ತು. ಸಂತರ ಮೇಲಿನ ಭಕ್ತಿ ಕಡಿಮೆಯಾಗಿಲ್ಲ. ನಾವು ದೂರವಿಡುತ್ತಿರುವುದು ನಮ್ಮ ಅಜ್ಜ ಅಜ್ಜಿಯರು ಆ ಸಂತರನ್ನು ಕರೆದ ಬಗೆಯನ್ನು.

ಹಾಗಾದರೆ ಎರಡೂ ಒಂದೇ ಹೆಸರೆ? ಮಗನ ವಾದವೂ ಸುಲಭವಾಗಿ ತಳ್ಳಿಹಾಕುವಂಥದಲ್ಲ.

ಇಂದಿನ ತಂದೆತಾಯಿಗಳು ಮೊದಲು ಕೇಳುವುದು ಹೆಸರಿನ ಅರ್ಥವನ್ನು. ಚೌರಪ್ಪ ಎಂಬುದಕ್ಕೆ ಅರ್ಥವೇ ಇಲ್ಲವಲ್ಲ ಎನ್ನುತ್ತಾರೆ. ಜಾನ್ ಸ್ಟುವರ್ಟ್ ಮಿಲ್ ಎಂಬ ಆಂಗ್ಲ ತತ್ತ್ವಜ್ಞಾನಿ 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ, ಅಂಕಿತನಾಮವು ವ್ಯಕ್ತಿಯನ್ನು ಗುರುತಿಸುತ್ತದೆಯೇ ಹೊರತು ಆತನ ಗುಣವನ್ನು ಹೇಳುವುದಿಲ್ಲವೆಂದು ವಾದಿಸಿದನು. ಡಾರ್ಟ್ ನದಿಯ ಮುಖದಲ್ಲಿರುವುದರಿಂದ ಒಂದು ಊರಿಗೆ ಡಾರ್ಟ್‌ಮೌತ್ ಎಂದು ಹೆಸರು ಬಂದಿರಬಹುದು. ನಾಳೆ ನದಿ ದಿಕ್ಕು ಬದಲಿಸಿದರೂ ಊರಿನ ಹೆಸರು ಬದಲಾಗಬೇಕಾಗಿಲ್ಲ ಎಂಬುದು ಆತನ ನಿದರ್ಶನ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಸಂಪಂಗಿ ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಬಂದಿತು, ಸಂಪಂಗಿರಾಮನಗರ ಹಾಗೆಯೇ ಇದೆ. ಸಂತರ ಹೊಸಮನೆ ಹಳತಾಗಿ ಐದು ಶತಮಾನ ಕಳೆಯಿತು, ಝೇವಿಯರ್ ಎಂಬ ಹೆಸರಿಗೆ ಕುಂದು ಬಂದಿಲ್ಲ. ಅರ್ಥವಿಲ್ಲವೆಂಬ ದೂರು ಚೌರಪ್ಪನ ಮೇಲೆ ಮಾತ್ರ ಏಕೆ?

ಮಿಲ್‌ನಿಗಿಂತ ಹೆಚ್ಚು ನನಗೆ ನೆರವಾದವನು ಸಾಲ್ ಕ್ರಿಪ್ಕೆ. ಯೆಹೂದ್ಯ ಧರ್ಮಗುರುವೊಬ್ಬರ ಮಗನಾದ ಈತ 1970ರ ಜನವರಿಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹೆಸರುಗಳನ್ನು ಕುರಿತು ಮೂರು ಉಪನ್ಯಾಸಗಳನ್ನಿತ್ತನು. ಸೋಜಿಗವೆಂದರೆ, ಒಂದು ವಸ್ತುವಿಗೆ ಮೊತ್ತಮೊದಲು ಹೆಸರಿಡುವ ಕ್ರಿಯೆಗೆ ಆ ಯೆಹೂದ್ಯ ಪಂಡಿತ ಬಳಸಿದ ಪದ ನಮ್ಮದೇ: ಜ್ಞಾನಸ್ನಾನ. ಹೀಗೆ ಒಮ್ಮೆ ಇಟ್ಟ ಹೆಸರು ಬಾಯಿಂದ ಬಾಯಿಗೆ, ತಲೆಮಾರಿನಿಂದ ತಲೆಮಾರಿಗೆ ಸರಪಣಿಯಂತೆ ಸಾಗಿಬರುತ್ತದೆ. ನಾವು ಆ ಹೆಸರನ್ನು ಉಚ್ಚರಿಸಿದಾಗ ಮೊದಲ ವ್ಯಕ್ತಿಯನ್ನು ಮುಟ್ಟುವುದು ಆ ಸರಪಣಿಯ ಮೂಲಕ ಎಂಬುದು ಆತನ ಪ್ರತಿಪಾದನೆ. ಕಟ್ಟಡದ ಕೆಲಸದಲ್ಲಿ ಗಾರೆಯ ಬಾಂಡ್ಲಿ ಕೈಯಿಂದ ಕೈಗೆ ದಾಟಿ ಮೇಲೇರುವುದನ್ನು ನೆನೆಸಿಕೊಳ್ಳಿ.

ಈ ದೃಷ್ಟಿಯಿಂದ ನೋಡಿದರೆ ಅಜ್ಜನ ಮಾತಿನಲ್ಲಿ ತರ್ಕದೋಷ ಎಳ್ಳಷ್ಟೂ ಇಲ್ಲ. ಝೇವಿಯರ್ ಎಂದರೂ ಚೌರಪ್ಪ ಎಂದರೂ ಆ ಸಂತರನ್ನು ತಲುಪುತ್ತೇವೆ, ಆದರೆ ಬೇರೆ ಬೇರೆ ಕೈಗಳ ಮೂಲಕ. ಒಂದು ಸರಪಣಿಯಲ್ಲಿ ಇಂಗ್ಲಿಷ್ ಶಾಲೆಗಳಿವೆ, ಪುಸ್ತಕಗಳಿವೆ, ಈಗ ಚಲನಚಿತ್ರಗಳೂ ಇವೆ. ಇನ್ನೊಂದರಲ್ಲಿ ಹಳ್ಳಿಯ ಉಪದೇಶಿ, ಜಪಮಾಲೆ ಹಿಡಿದ ಅಜ್ಜಿ, ಹೊಲದ ಬದುವಿನಲ್ಲಿ ಕೂಗಿದ ದನಿ, ಮತ್ತು ಆ ಮಗುವಿನ ಮುತ್ತಾತ ಇದ್ದಾರೆ. ಮಗುವಿಗೆ ಸಂತರ ಹೆಸರು ಸಾಕು ಎಂದಾದರೆ ಝೇವಿಯರ್ ಸಾಕು. ಮುತ್ತಾತನ ಹೆಸರು ಬೇಕು ಎಂದಾದರೆ ಅದು ಸಾಲದು.

ಇಷ್ಟನ್ನು ನಾನು ಹೇಳುವ ಹೊತ್ತಿಗೆ ತಾಯಿ ಬಾಯಿಬಿಟ್ಟರು. "ಫಾದರ್, ಸ್ಕೂಲಲ್ಲಿ ಮಕ್ಕಳು ಚೌರ ಚೌರ ಅಂತ ರೇಗಿಸ್ತಾರೆ. ಅದನ್ನ ಕೇಳಿಸಿಕೊಳ್ಳಬೇಕಾಗಿರೋದು ನನ್ನ ಮಗ." ಈ ಮಾತನ್ನು ಹಗುರಾಗಿ ಕಾಣಲಾಗದು. ಕ್ಷೌರಕ್ಕೆ ಆಡುಮಾತಿನಲ್ಲಿ ಚೌರವೆನ್ನುವ ಊರಿನಲ್ಲಿ ಈ ಹೆಸರು ಹೊತ್ತ ಹುಡುಗರು ಪಟ್ಟ ಪಾಡನ್ನು ನಾನೇ ಕಂಡಿದ್ದೇನೆ. ಹಿರಿಯರ ನೆನಪಿನ ಭಾರವನ್ನು ಆರು ವರ್ಷದ ಹುಡುಗನ ಹೆಗಲಿಗೆ ಹೊರಿಸಿ ನಾವು ಸಂಸ್ಕೃತಿಯ ರಕ್ಷಕರೆಂದು ಬೀಗುವುದು ಸರಿಯಲ್ಲ.

ಆದರೂ ಒಂದು ಮಾತು. ಮಕ್ಕಳು ಯಾವ ಹೆಸರನ್ನಾದರೂ ತಿರುಚಬಲ್ಲರು. ನಮಗೆ ನಿಜವಾಗಿ ಅಡ್ಡಬರುವುದು ಆ ಪ್ರಾಸವೇ ಎಂಬ ಬಗ್ಗೆ ನನಗೆ ಸಂದೇಹವಿದೆ. ಚೌರಪ್ಪ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಕಲ್ಲು ಒಡೆಯುವವರು, ಗಾರೆ ಕೆಲಸದವರು, ದಂಡಿನ ಬಂಗಲೆಗಳಲ್ಲಿ ಅಡಿಗೆ ಮಾಡಿದವರು. ನಾವೆಲ್ಲರೂ ಅವರ ಮಕ್ಕಳು, ಮೊಮ್ಮಕ್ಕಳು. ಅವರ ದುಡಿಮೆಯಿಂದ ಓದಿ, ಅವರು ಒಳಹೊಕ್ಕು ನೋಡದ ಕಚೇರಿಗಳಲ್ಲಿ ಕುಳಿತಿದ್ದೇವೆ. ಆ ಹೆಸರನ್ನು ಕೇಳಿದಾಗ ಆಗುವ ಮುಜುಗರ ಹೆಸರಿನದೆ, ಅಥವಾ ಆ ಬಡತನದ್ದೆ?

ಹೀಗೆ ಕೇಳುವ ಅಧಿಕಾರ ನನಗೂ ಪೂರ್ತಿಯಾಗಿ ಇಲ್ಲ. ಗುರುದೀಕ್ಷೆಯಾದ ಹೊಸತರಲ್ಲಿ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯ ಗುರುವಾಗಿದ್ದೆ. ಕೂಲಿ ಮಾಡುತ್ತಿದ್ದ ದಂಪತಿಗಳು ಮಗುವಿಗೆ ಚೌರಪ್ಪ ಎಂದು ಬರೆದುಕೊಳ್ಳಿ ಸ್ವಾಮಿ ಎಂದರು. ನಾನು ಬಹು ಪ್ರೀತಿಯಿಂದಲೇ, ಮುಂದೆ ಶಾಲೆಗೆ, ಕೆಲಸಕ್ಕೆ ಅನುಕೂಲವಾಗುತ್ತದೆಂದು ಬುದ್ಧಿ ಹೇಳಿ, ಪುಸ್ತಕದಲ್ಲಿ ಝೇವಿಯರ್ ಎಂದು ಬರೆದೆ. ಅವರು ಎದುರಾಡಲಿಲ್ಲ. ಸ್ವಾಮಿಯವರು ಹೇಳಿದ ಮೇಲೆ ಮುಗಿಯಿತು ಎಂದು ತಲೆಯಾಡಿಸಿ ಹೋದರು. ಸಂತ ಫ್ರಾನ್ಸಿಸರು 1545ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರವೊಂದರಲ್ಲಿ ತಿರುವಾಂಕೂರಿನ ತೀರದಲ್ಲಿ ಒಂದೇ ತಿಂಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಜ್ಞಾನಸ್ನಾನ ನೀಡಿದ್ದನ್ನು ವರ್ಣಿಸುತ್ತಾ, ಪ್ರತಿಯೊಬ್ಬನ ಕೈಗೂ ಅವನವನ ಹೆಸರನ್ನು ಬರೆದು ಕೊಡುತ್ತಿದ್ದೆನೆಂದು ತಿಳಿಸುತ್ತಾರೆ. ಆ ಪತ್ರವನ್ನು ಓದಿದಾಗಲೆಲ್ಲ ನನಗೆ ಆ ಕೂಲಿ ದಂಪತಿಗಳ ಮುಖ ನೆನಪಾಗುತ್ತದೆ.

ಇನ್ನು ಶ್ರೀಗ್ರಂಥ ಏನು ಹೇಳುತ್ತದೆ? ಇಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ. ಆ ತಾಯಿ ಭಾನುವಾರದ ಧರ್ಮೋಪದೇಶದ ಶಿಕ್ಷಕಿ. ಸಂತ ಲೂಕರ ಶುಭಸಂದೇಶದ ಮೊದಲನೆಯ ಅಧ್ಯಾಯವನ್ನು ಆಕೆಯೇ ನನಗೆ ನೆನಪಿಸಿದರು. ಎಲಿಜಬೇತಮ್ಮನವರ ಮಗುವಿಗೆ ತಂದೆಯ ಹೆಸರನ್ನೇ ಇಡಬೇಕೆಂದು ಬಂಧುಬಳಗ ಹಟ ಹಿಡಿದಾಗ, ತಾಯಿ ಒಪ್ಪದೆ ಯೊವಾನ್ನ ಎಂದರು. ವಂಶದಲ್ಲಿ ಯಾರಿಗೂ ಇಲ್ಲದ ಹೆಸರು. ಕೊನೆಗೆ ಜೆಕರೀಯನು ಹಲಗೆ ತರಿಸಿ ಬರೆದದ್ದೂ ಅದನ್ನೇ. "ಆವತ್ತು ನಡೆದದ್ದು ತಾಯಿಯ ಮಾತು ತಾನೆ ಫಾದರ್?" ಎಂದು ಆಕೆ ಕೇಳಿದಾಗ ನಾನೂ ಅಜ್ಜನೂ ಮುಖಮುಖ ನೋಡಿಕೊಂಡೆವು. ಆ ಹೆಸರನ್ನು ತಿಳಿಸಿದವನು ದೇವದೂತ, ನಿಮಗೆ ಝೇವಿಯರ್ ಎಂದು ತಿಳಿಸಿದವರಾರು ಎಂದು ಕೇಳಿ ತಪ್ಪಿಸಿಕೊಂಡೆ. ಅದು ಉತ್ತರವಲ್ಲ, ಬಲ್ಲೆ.

ಧರ್ಮಸಭೆಯ ಕಾನೂನೂ ಅಜ್ಜನ ನೆರವಿಗೆ ಬರುವುದಿಲ್ಲ. 1917ರ ಸಂಹಿತೆಯ 761ನೇ ವಿಧಿಯಂತೆ ಮಗುವಿಗೆ ಕ್ರೈಸ್ತ ಹೆಸರೇ ದೊರೆಯುವಂತೆ ಧರ್ಮಕೇಂದ್ರದ ಗುರು ನೋಡಿಕೊಳ್ಳಬೇಕಾಗಿತ್ತು. ಸಾಧ್ಯವಾಗದಿದ್ದರೆ ತಂದೆತಾಯಿಗಳಿಟ್ಟ ಹೆಸರಿನೊಡನೆ ಒಬ್ಬ ಸಂತರ ಹೆಸರನ್ನೂ ಸೇರಿಸಿ ಎರಡನ್ನೂ ಪುಸ್ತಕದಲ್ಲಿ ಬರೆಯಬೇಕಾಗಿತ್ತು. 1983ರ ಸಂಹಿತೆಯ 855ನೇ ವಿಧಿ ಬಹಳ ಸಡಿಲ. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಆಗದಂತೆ ತಂದೆತಾಯಿಗಳು, ಜ್ಞಾನ ತಂದೆತಾಯಿಗಳು ಮತ್ತು ಗುರು ಎಚ್ಚರ ವಹಿಸಿದರೆ ಸಾಕು. ಆ ಪಟ್ಟಿಯಲ್ಲಿ ಅಜ್ಜನಿಲ್ಲ. ಹೆಸರಿಡುವ ಹಕ್ಕು ಹೆತ್ತವರದು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ.

ನಾನು ಒಪ್ಪದಿರುವುದು ನಡುವಿನ ಒಂದು ರಾಜಿಯನ್ನು. ಕಾಗದದಲ್ಲಿ ಝೇವಿಯರ್ ಇರಲಿ, ಮನೆಯಲ್ಲಿ ಚೌರಿ ಎಂದು ಕರೆದುಕೊಳ್ಳೋಣ ಎಂದು ಮಗ ಸೂಚಿಸಿದರು. ಇದು ಹೊಸ ಉಪಾಯವೇನಲ್ಲ. ಹಳೆಯ ಫ್ರೆಂಚ್ ಗುರುಗಳು ಜ್ಞಾನಸ್ನಾನದ ಪುಸ್ತಕವನ್ನು ಲತೀನಿನಲ್ಲಿ ಬರೆಯುತ್ತಿದ್ದರು. ಪುಸ್ತಕದಲ್ಲಿ ಕ್ಸಾವೇರಿಯುಸ್, ಮನೆಯಲ್ಲಿ ಚೌರಪ್ಪ, ಶಾಲೆಯ ದಾಖಲೆಯಲ್ಲಿ ಮೇಷ್ಟ್ರ ಕಿವಿಗೆ ಬಿದ್ದದ್ದು. ಆ ಒಬ್ಬನೇ ಮನುಷ್ಯ ಮೂವರಾದದ್ದರ ಫಲವನ್ನು ಇಂದಿಗೂ ಮಕ್ಕಳು ಖಾತೆಯ ಬದಲಾವಣೆಗೆ, ಪಾಸ್‌ಪೋರ್ಟಿಗೆ ಅಲೆಯುತ್ತಾ ಉಣ್ಣುತ್ತಿದ್ದಾರೆ. ಅಂಥವರು ಪ್ರಮಾಣಪತ್ರಕ್ಕಾಗಿ ನನ್ನ ಕಚೇರಿಗೆ ಬರುತ್ತಲೇ ಇರುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರ. ಯಾವ ಹೆಸರನ್ನಾದರೂ ಇಡಿ, ಎಲ್ಲೆಡೆಯೂ ಅದೊಂದನ್ನೇ ಇಡಿ, ಜನನ ಪತ್ರದಲ್ಲಿಯೂ ನನ್ನ ಪುಸ್ತಕದಲ್ಲಿಯೂ. ಅಡುಗೆಮನೆಗೊಂದು, ಹಜಾರಕ್ಕೊಂದು ಹೆಸರು ಬೇಡ. ಝೇವಿಯರ್ ಎಂದೇ ಇಡುವುದಾದರೆ ಸಂತೋಷದಿಂದ ಬರೆಯುತ್ತೇನೆ, ಆದರೆ ಎರಡೂ ಒಂದೇ ಎಂದು ಹೇಳಿ ಅಜ್ಜನನ್ನು ಸಮಾಧಾನಪಡಿಸಲು ನನ್ನನ್ನು ಕರೆಯಬೇಡಿ ಎಂದೆ.

ಕಚೇರಿಯಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಆ ತಾಯಿ, ಮದುವೆಯಾಗಿ ಮೂರು ವರ್ಷದಲ್ಲಿ ಎಂದೂ ಕೇಳದ ಪ್ರಶ್ನೆಯನ್ನು ಕೇಳಿದರು. "ಮಾವ, ತಾತ ಏನು ಕೆಲಸ ಮಾಡ್ತಿದ್ರು?"

ಕನಕಪುರದ ಕಡೆಯ ಹಳ್ಳಿಯಿಂದ ಬಂದವರು, ಜಯನಗರ ಬಡಾವಣೆ ಏಳುತ್ತಿದ್ದ ಕಾಲದಲ್ಲಿ ಮನೆಗಳಿಗೆ ಕಲ್ಲಿನ ಪಾಯ ಹಾಕುತ್ತಿದ್ದರು ಎಂದು ಅಜ್ಜ ಹೇಳತೊಡಗಿದರು. ಅಕ್ಷರ ಬಾರದು, ಬಟವಾಡೆಗೆ ಹೆಬ್ಬೆಟ್ಟು. ಡಿಸೆಂಬರ್ 3ರಂದು ಮಾತ್ರ ಕೆಲಸಕ್ಕೆ ಹೋಗದೆ ಬಿಳಿಯ ಅಂಗಿ ತೊಟ್ಟು ಪೂಜೆಗೆ ಹೋಗುತ್ತಿದ್ದರು, ಅಂದು ಮನೆಯಲ್ಲಿ ಪಾಯಸ. ಮಗನೂ ಇದನ್ನೆಲ್ಲ ಮೊದಲ ಬಾರಿಗೆ ಕೇಳುತ್ತಿದ್ದಂತೆ ತೋರಿತು. ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು, ಮಾತು ಅಲ್ಲಿಗೆ ನಿಂತಿತು.

ಜ್ಞಾನಸ್ನಾನಕ್ಕೆ ಬರುವ ಭಾನುವಾರ ಬೆಳಗಿನ ಎರಡನೆಯ ಪೂಜೆಯ ನಂತರ ಎಂದು ಗೊತ್ತಾಗಿದೆ. ಹೆಸರನ್ನು ತುಂಬಿಸಿ ಶುಕ್ರವಾರ ತಂದುಕೊಡುತ್ತೇವೆಂದು ಅರ್ಜಿಯನ್ನು ಆ ತಾಯಿಯೇ ಮನೆಗೆ ಒಯ್ದಿದ್ದಾರೆ.